ಎತ್ತಿನ ಹಲ್ಲು, ಕಾರಿನ ತಳ

ನನ್ನ ಅಜ್ಜ ಕಾರ್ಕಳದ ಕಡೆಯ ಬೇಸಾಯಗಾರರು. ಎತ್ತು ಕೊಳ್ಳಲು ಹೊರಟರೆ ಅವರು ಮೊದಲು ಅದರ ಬಾಯಿ ತೆರೆದು ಹಲ್ಲು ಎಣಿಸುವರು, ಆಮೇಲೆ ಸುಳಿ ನೋಡುವರು, ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ಗೊರಸಿನ ಮೇಲೆ ಕಣ್ಣಿಡುವರು. ಮಾರುವವನ ಮಾತನ್ನು ನಗುನಗುತ್ತಲೇ ಕೇಳುತ್ತಿದ್ದರು; ನಂಬುತ್ತಿದ್ದುದು ಮಾತ್ರ ಎತ್ತಿನ ಬಾಯಿಯನ್ನು. ಬಾಯಿಗೂಡಿದ ಎತ್ತನ್ನು ಎಳೆಗರುವೆಂದು ಮಾರುವ ವಿದ್ಯೆ ಇನ್ನೂ ಹುಟ್ಟಿರಲಿಲ್ಲ. ನನ್ನ ಕಾಲಕ್ಕೆ ಎತ್ತಿನ ಬದಲು ಕಾರು ಬಂತು. ಕಾರಿಗೆ ಹಲ್ಲಿಲ್ಲ, ಓಡಿದ ಕಿಲೋಮೀಟರನ್ನು ತೋರಿಸುವ ಮೀಟರೊಂದಿದೆ, ಅದನ್ನು ಹಿಂದಕ್ಕೆ ತಿರುಗಿಸುವ ವಿದ್ಯೆಯೂ ಇದೆ. ಹೀಗಾಗಿ ಹಳೆಯ ಕಾರನ್ನು ಕೊಳ್ಳುವವನಿಗೆ ಎತ್ತು ಕೊಳ್ಳುವವನಿಗಿಂತ ಹೆಚ್ಚಿನ ಎಚ್ಚರ ಬೇಕು. ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಈ ಪಾಠವನ್ನು ಕಲಿತದ್ದು ಅರುವತ್ತು ದಾಟಿದ ಮೇಲೆ. ಕಲಿತದ್ದನ್ನು ತಮ್ಮ ಮುಂದಿಡುವುದಷ್ಟೇ ಈ ಮಾತಿನ ಉದ್ದೇಶ.

ನಮ್ಮ ಮನೆ ಕಾಪುವಿನಲ್ಲಿ, ಕಡಲಿಗೆ ಒಂದು ಕೂಗಳತೆಯ ದೂರದಲ್ಲಿ. ಮಗಳು ಅಳಿಯ ಕಾರ್ಕಳದಲ್ಲಿದ್ದಾರೆ. ನನ್ನ ಹೆಂಡತಿಗೆ ಉಬ್ಬಸ ಮತ್ತು ಮಂಡಿನೋವು. ಅವಳ ಚಿಕಿತ್ಸೆಗೆ ಮಣಿಪಾಲ. ತರಕಾರಿ, ಬ್ಯಾಂಕು, ಮದುವೆ ಮುಂಜಿಗಳಿಗೆ ಉಡುಪಿ. ಈ ನಾಲ್ಕು ಊರುಗಳ ನಡುವೆ 2008ರಿಂದ ನಮ್ಮನ್ನು ಹೊತ್ತು ತಿರುಗಿದ್ದು ಒಂದು ಚಿಕ್ಕ ಕಾರು. ಕಳೆದ 2025ರ ಮಳೆಗಾಲದ ಒಂದು ರಾತ್ರಿ ಅವಳಿಗೆ ಉಸಿರು ಕಟ್ಟಿತು. ಹೊರಟೆವು. ಕಟಪಾಡಿಯ ಹತ್ತಿರ, ಜಡಿಮಳೆಯಲ್ಲಿ, ಕಾರು ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಪಕ್ಕದಲ್ಲಿ ಅವಳೂ ಕೆಮ್ಮುತ್ತಿದ್ದಳು. ಆ ಹೊತ್ತಿನಲ್ಲಿ ದೇವರಂತೆ ಬಂದ ರಿಕ್ಷಾದವನೊಬ್ಬ ನಮ್ಮನ್ನು ಆಸ್ಪತ್ರೆಗೆ ಮುಟ್ಟಿಸಿದ. ಬಾಡಿಗೆ ಕೇಳಲು ಕೂಡ ನಿಲ್ಲಲಿಲ್ಲ. ಅವಳು ಗುಣವಾಗಿ ಮನೆಗೆ ಬಂದಳು. ಕಾರಿನ ಮೇಲಿನ ನನ್ನ ನಂಬಿಕೆ ಮಾತ್ರ ಮರಳಿ ಬರಲಿಲ್ಲ.

ಹೊಸದನ್ನೇ ಕೊಳ್ಳಬಾರದೇಕೆ ಎಂದು ಅಳಿಯ ಕೇಳಿದ. ಪಿಂಚಣಿದಾರನ ಹಾಸಿಗೆಯ ಉದ್ದ ಅವನಿಗೆ ಗೊತ್ತಿಲ್ಲದ್ದೇನಲ್ಲ. ಅದಿರಲಿ, ಲೆಕ್ಕವೊಂದನ್ನು ನೋಡಿ. ವಿಮೆಯವರು ಕಾರಿನ ಬೆಲೆ ಕಟ್ಟುವ ಪಟ್ಟಿಯಲ್ಲಿ ಆರು ತಿಂಗಳು ದಾಟಿದ ಕಾರಿಗೆ ಶೇ. 15, ವರ್ಷ ದಾಟಿದರೆ ಶೇ. 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50 ಎಂದು ಸವಕಳಿ ಕಳೆಯುತ್ತಾರೆ. ಅಂದರೆ ಐದನೆಯ ವರ್ಷದಲ್ಲಿ ಕಾರಿನ ಬೆಲೆ ಅರ್ಧ. ಪೇಟೆಯ ಬೆಲೆ ಇದಕ್ಕಿಂತ ಹೆಚ್ಚು ಕಡಮೆಯಾಗಬಹುದು. ಆದರೂ ತತ್ತ್ವ ಇದೇ. ಸರಿಯಾಗಿ ನೋಡಿಕೊಂಡ ಕಾರಿನ ಆಯುಸ್ಸು ಐದು ವರ್ಷಕ್ಕೆ ಅರ್ಧವಾಗುವುದಿಲ್ಲ. ಬೆಲೆ ಇಳಿದು ಬಾಳಿಕೆ ಉಳಿದಿರುವ ಈ ನಡುವಿನ ವಯಸ್ಸೇ ಕೊಳ್ಳುವವನಿಗೆ ಲಾಭದ್ದು.

ಮೊದಲು ಮಾಡಬೇಕಾದ ಕೆಲಸ ಕಾರನ್ನು ನೋಡುವುದಲ್ಲ, ನಮ್ಮ ಸಂಸಾರವನ್ನು ನೋಡುವುದು. ನಾನು ಒಂದು ತಿಂಗಳ ಓಡಾಟವನ್ನು ಪುಸ್ತಕದಲ್ಲಿ ಬರೆದಿಟ್ಟೆ. ನಾನೂರು ಕಿಲೋಮೀಟರು ಮೀರಲಿಲ್ಲ. ಅದರಲ್ಲಿ ಬಹುಪಾಲು ಐದು ಹತ್ತು ಕಿಲೋಮೀಟರಿನ ತುಂಡು ಪ್ರಯಾಣ. ಇಷ್ಟಕ್ಕೆ ಡೀಸೆಲ್ ಕಾರು ಸಲ್ಲದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್ 6 ನಿಯಮದ ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿಯೊಂದಿರುತ್ತದೆ. ಹೆದ್ದಾರಿಯಲ್ಲಿ ಬಹಳ ಹೊತ್ತು ಓಡಿ ಕಾದರೆ ಮಾತ್ರ ಆ ಮಸಿ ಸುಟ್ಟುಹೋಗುತ್ತದೆ. ಗಲ್ಲಿ ಸುತ್ತುವವನಿಗೆ ಅದು ಕಟ್ಟಿಕೊಂಡು ದುಬಾರಿ ದುರಸ್ತಿಗೆ ದಾರಿಯಾಗುತ್ತದೆ. ನಮಗೆ ಪೆಟ್ರೋಲೇ ಸರಿ ಎಂದಾಯಿತು.

ಇನ್ನು ಕೂರುವವರ ವಿಚಾರ. ಮಂಡಿನೋವಿನವರಿಗೆ ತಗ್ಗಿನ ಆಸನವೆಂದರೆ ಬಾವಿಗಿಳಿದು ಹತ್ತಿದಂತೆ. ಆಸನ ಕುರ್ಚಿಯ ಎತ್ತರದಲ್ಲಿದ್ದು, ಬಾಗಿಲು ಅಗಲವಾಗಿ ತೆರೆಯಬೇಕು. ನಮ್ಮ ಮನೆಯ ಮುರಕಲ್ಲಿನ ಓಣಿಗೆ ನೆಲದಿಂದ ಎತ್ತರವಾದ ಕಾರು ಬೇಕು, ಆದರೆ ಉದ್ದವಾದದ್ದು ಬೇಡ. ಇಷ್ಟನ್ನು ಬರೆದುಕೊಂಡಾಗ ಕಣ್ಣು ಕುಕ್ಕುವ ಅರ್ಧಕ್ಕರ್ಧ ಕಾರುಗಳು ತಾವಾಗಿಯೇ ಪಟ್ಟಿಯಿಂದ ಇಳಿದುಹೋದವು.

ತಯಾರಿಯ ವರ್ಷವನ್ನೂ ಯೋಚಿಸಬೇಕು. ಬ್ರೇಕು ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ನಮ್ಮ ದೇಶದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲಿನಲ್ಲಿ. ಚಾಲಕನ ಮುಂದಿನ ಗಾಳಿಚೀಲ, ಸೀಟು ಬೆಲ್ಟಿನ ಎಚ್ಚರಿಕೆ, ಹಿಂದಕ್ಕೆ ಬರುವಾಗ ಕೂಗುವ ಸಾಧನ ಇವು ಕಡ್ಡಾಯವಾದದ್ದು ಅದೇ ವರ್ಷದ ಜುಲೈ 1ರಂದು. ಮಳೆಯಲ್ಲಿ ಜಾರುವ ನಮ್ಮ ರಸ್ತೆಗಳಿಗೆ ಇವು ಶೋಕಿಯಲ್ಲ. ಆದುದರಿಂದ 2019ರ ಮಧ್ಯಭಾಗದ ಈಚೆಗೆ ತಯಾರಾದ ಕಾರನ್ನೇ ನೋಡಬೇಕೆಂದು ಗೆರೆ ಎಳೆದುಕೊಂಡೆ. ಈಗ ಪಂಪುಗಳಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. 2023ರ ಏಪ್ರಿಲಿನ ಹಿಂದಿನ ಕಾರನ್ನು ಕೊಳ್ಳುವವರು ಅದರ ಇಂಧನದ ರಬ್ಬರು ಕೊಳವೆಗಳನ್ನೂ ಸೀಲುಗಳನ್ನೂ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಮೆ. ಮೈಲೇಜು ಸ್ವಲ್ಪ ಇಳಿದರೆ ಅದು ಕಾರಿನ ದೋಷವೆಂದೇ ತಿಳಿಯಬೇಕಾಗಿಲ್ಲ.

ನಮ್ಮ ಕರಾವಳಿಗೇ ವಿಶೇಷವಾದ ಶತ್ರು ತುಕ್ಕು. ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು ಹುಟ್ಟುತ್ತದೆ ಎಂಬುದು ಶಾಲೆಯ ಪಾಠ. ಉಪ್ಪು ಬೆರೆತ ನೀರು ವಿದ್ಯುತ್ತನ್ನು ಸುಲಭವಾಗಿ ಸಾಗಿಸುವುದರಿಂದ ಆ ಕ್ರಿಯೆ ಇನ್ನಷ್ಟು ಬಿರುಸಾಗುತ್ತದೆ. ಕಡಲಗಾಳಿ ಉಪ್ಪನ್ನು ತರುತ್ತದೆ, ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಸುರಿಯುವ ಮಳೆ ನೀರನ್ನು ತರುತ್ತದೆ. ಬಾಗಿಲಿನ ತಳದಲ್ಲಿ ನೀರು ಇಳಿಯಲು ಬಿಟ್ಟ ಸಣ್ಣ ತೂತುಗಳು ಕಸಕಡ್ಡಿ ತುಂಬಿ ಮುಚ್ಚಿದರೆ, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ತಗಡು ಕೊಳೆಯುತ್ತಿರುತ್ತದೆ. ಆದುದರಿಂದ ಒಂದೇ ವಯಸ್ಸಿನ ಎರಡು ಕಾರುಗಳಲ್ಲಿ ಕಡಲಂಚಿನಲ್ಲಿ ಬಯಲಿಗೆ ನಿಂತದ್ದಕ್ಕಿಂತ ಕಾರ್ಕಳದಂಥ ಒಳನಾಡಿನಲ್ಲಿ ಸೂರಿನ ಕೆಳಗೆ ನಿಂತದ್ದು ಮೇಲು.

ಇದನ್ನು ನಾನು ಬಲ್ಲೆನೆಂದುಕೊಂಡಿದ್ದೆ. ಆದರೂ ಮೋಸಹೋಗುವುದರಲ್ಲಿದ್ದೆ. ಒಂದು ಕಡೆ ಬಿಳಿಯ ಕಾರೊಂದನ್ನು ತೋರಿಸಿದರು. ಮಲ್ಲಿಗೆಯಂತಿತ್ತು. ಬೆಲೆಯೂ ಬೇರೆಯವಕ್ಕಿಂತ ಐವತ್ತು ಸಾವಿರ ಕಡಮೆ. ಮುಂಗಡಕ್ಕೆಂದು ಚೆಕ್ಕುಪುಸ್ತಕ ತೆಗೆದಿದ್ದೆ. ಜತೆಗೆ ಬಂದಿದ್ದ ನಮ್ಮ ಗ್ಯಾರೇಜಿನ ಮೇಸ್ತ್ರಿ ಮೆಲ್ಲನೆ, “ಸಾರ್, ಇದು ಮೇಲಿಂದ ಮಾತ್ರ ಚಂದ. ಸ್ವಲ್ಪ ತಡೆಯಿರಿ” ಎಂದು ಸೀಟಿನ ಬೆಲ್ಟನ್ನು ಹಿಡಿದು ಕೊನೆಯ ತನಕ ಹೊರಕ್ಕೆಳೆದ. ಬೆಲ್ಟಿನ ಒಳಭಾಗದಲ್ಲಿ, ಯಾರೂ ತೊಳೆಯದ ಜಾಗದಲ್ಲಿ, ಕೆಸರಿನ ಗೆರೆಯೊಂದು ಮೂಡಿತ್ತು. ಸೀಟಿನ ಕೆಳಗಿನ ಬೋಲ್ಟುಗಳು ಕೆಂಪಾಗಿದ್ದವು. ಡಿಕ್ಕಿಯ ಹಾಸನ್ನೆತ್ತಿ ಹೆಚ್ಚುವರಿ ಚಕ್ರವನ್ನು ಸರಿಸಿದರೆ ತೊಟ್ಟಿಯ ಮೂಲೆಯಲ್ಲಿ ಒಣಗಿದ ಹೊಳೆಮಣ್ಣು. ಆ ಕಾರು ಎಂದೋ ಎಲ್ಲಿಯೋ ನೆರೆಯಲ್ಲಿ ಮುಳುಗಿ ಎದ್ದದ್ದು. 2020ರ ಸೆಪ್ಟೆಂಬರ್ 20ರಂದು ಉಡುಪಿಯ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದುದನ್ನು ಕಂಡವರಿಗೆ ಇದು ಸೋಜಿಗವಲ್ಲ. ಮುಳುಗಿದ ಕಾರು ಓಡದೆಂದಲ್ಲ, ಓಡುತ್ತದೆ. ಆದರೆ ಅದರ ತಂತಿಗಳ ಕೀಲುಗಳಲ್ಲಿ ತೇವ ಕುಳಿತು, ತಿಂಗಳುಗಳ ಮೇಲೆ ಯಾವುದೋ ಒಂದು ಮಳೆಯ ರಾತ್ರಿ ಕೈಕೊಡುತ್ತದೆ. ನನಗೆ ಕಟಪಾಡಿ ನೆನಪಾಯಿತು. ಚೆಕ್ಕುಪುಸ್ತಕ ಜೇಬಿಗೆ ಮರಳಿತು.

ಅಂದಿನಿಂದ ಮೇಸ್ತ್ರಿಯೇ ನನಗೆ ಗುರು. ಅವನು ಕಲಿಸಿದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕಾರನ್ನು ಹಗಲಿನಲ್ಲಿ, ಒಣಗಿರುವಾಗ ನೋಡಬೇಕು. ನೀರು ಗೀರುಗಳನ್ನು ಮರೆಸುತ್ತದೆ. ಎಲ್ಲ ಗಾಜುಗಳ ಮೂಲೆಯಲ್ಲೂ ತಯಾರಿಯ ಗುರುತಿರುತ್ತದೆ; ಒಂದರದು ಮಾತ್ರ ಬೇರೆಯಾಗಿದ್ದರೆ ಅದು ಏಕೆ ಒಡೆಯಿತೆಂದು ಕೇಳಬೇಕು. ಟಯರಿನ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ: 2321 ಎಂದಿದ್ದರೆ 2021ರ ಇಪ್ಪತ್ತಮೂರನೆಯ ವಾರದ್ದು. ಇಪ್ಪತ್ತು ಸಾವಿರ ಕಿಲೋಮೀಟರು ಮಾತ್ರ ಓಡಿದೆಯೆನ್ನುವ ಕಾರಿನ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ಮೀಟರನ್ನಲ್ಲ, ರಬ್ಬರನ್ನು ನಂಬಬೇಕು. ಸರ್ವೀಸ್ ಮಾಡಿದ ಪ್ರತಿ ಸಲದ ರಸೀದಿಯಲ್ಲೂ ಆ ದಿನದ ಕಿಲೋಮೀಟರು ನಮೂದಾಗಿರುತ್ತದೆ. ಅವನ್ನು ಸಾಲಾಗಿಟ್ಟು ಓದಿದರೆ ಸುಳ್ಳು ತಾನಾಗಿ ಹೊರಬೀಳುತ್ತದೆ. ಹಸ್ತಪ್ರತಿಗಳ ಪಾಠಾಂತರ ನೋಡಿದವನಿಗೆ ಇದೇನೂ ಕಷ್ಟವಲ್ಲ.

ಎಂಜಿನನ್ನು ತಣ್ಣಗಿರುವಾಗಲೇ ಚಾಲೂ ಮಾಡಬೇಕು. ನಾವು ಹೋಗುವ ಮೊದಲೇ ಬಾನೆಟ್ಟು ಬಿಸಿಯಾಗಿದ್ದರೆ ಯಾವುದನ್ನೋ ಮುಚ್ಚಿಡಲು ಬಿಸಿ ಮಾಡಿರಬಹುದು. ನೀಲಿ ಹೊಗೆ ಎಣ್ಣೆ ಉರಿಯುತ್ತಿರುವುದರ ಗುರುತು. ಕಪ್ಪು ಹೊಗೆ ಇಂಧನ ಹೆಚ್ಚಾದುದರ ಗುರುತು. ಎಂಜಿನು ಕಾದ ಮೇಲೂ ನಿಲ್ಲದ ಬಿಳಿ ಹೊಗೆ ತಂಪಿನ ನೀರು ಒಳಸೇರುತ್ತಿರುವುದರ ಗುರುತು. ಬಳಿಕ ಎಲ್ಲರನ್ನೂ ಕೂರಿಸಿ, ಏಸಿ ಹಾಕಿ, ಉಡುಪಿಯಿಂದ ಮಣಿಪಾಲದ ಏರನ್ನು ಹತ್ತಿಸಬೇಕು. ಎಂಜಿನಿನ ಸದ್ದು ಏರಿದರೂ ವೇಗ ಏರದಿದ್ದರೆ ಕ್ಲಚ್ಚು ಸವೆದಿದೆಯೆಂದು ಅರ್ಥ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತಿದಾಗ ಟಕಟಕ ಸದ್ದು ಬಂದರೆ ಮುಂದಿನ ಚಕ್ರದ ಕೀಲು ಹೋಗಿದೆ. ಕಡೆಗೆ ಕಾರನ್ನು ಗ್ಯಾರೇಜಿನ ಲಿಫ್ಟಿನ ಮೇಲೇರಿಸಿ ತಳವನ್ನು ನೋಡಲೇಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತದೆ ಗಾದೆ. ಕಾರು ಎಷ್ಟು ಸಿಂಗರಿಸಿಕೊಂಡಿದ್ದರೂ ಲಿಫ್ಟಿಗೇರಿದಾಗ ನಿಜ ಹೇಳುತ್ತದೆ. ಈ ಪರೀಕ್ಷೆಗೆ ಮೇಸ್ತ್ರಿಗೆ ಸಾವಿರ ರೂಪಾಯಿ ಕೊಟ್ಟೆ. ಅದಕ್ಕಿಂತ ಒಳ್ಳೆಯ ವಿಮೆಯನ್ನು ನಾನು ಮಾಡಿಸಿದ್ದಿಲ್ಲ.

ಕಾರಿನಷ್ಟೇ ಮುಖ್ಯ ಕಾಗದ. ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆಗಳನ್ನು ಕಾರಿನ ಮೈಮೇಲಿನ ಸಂಖ್ಯೆಗಳೊಂದಿಗೆ ತಾಳೆ ನೋಡಬೇಕು. ಸಾಲದಲ್ಲಿ ಕೊಂಡ ಕಾರಾದರೆ ಬ್ಯಾಂಕಿನ ಹೆಸರು ಪತ್ರದಿಂದ ಹೋಗಿದೆಯೇ ನೋಡಬೇಕು. ಹೋಗಿರದಿದ್ದರೆ ಬ್ಯಾಂಕಿನವರ ಸಹಿಯಾದ 35ನೆಯ ನಮೂನೆ ಬೇಕು. ಹೆಸರು ಬದಲಾಯಿಸಲು 29 ಮತ್ತು 30ನೆಯ ನಮೂನೆಗಳು. ಇದು ಬರಿಯ ಔಪಚಾರಿಕತೆಯೆಂದು ಅಸಡ್ಡೆ ಮಾಡುವವರಿದ್ದಾರೆ. 2018ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮೊಕದ್ದಮೆಯೊಂದರಲ್ಲಿ ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು. ನೋಂದಣಿಯಲ್ಲಿ ಮಾತ್ರ ಮೊದಲಿನವನ ಹೆಸರೇ ಉಳಿದಿತ್ತು. ಅಪಘಾತದ ಪರಿಹಾರದ ಹೊಣೆ ಅವನ ಮೇಲೆಯೇ ಬಿತ್ತು. ವಿಮೆಯ ವರ್ಗಾವಣೆಗೆ ಹದಿನಾಲ್ಕು ದಿನಗಳೊಳಗೆ ಅರ್ಜಿ ಕೊಡಬೇಕು. ಹಿಂದಿನವರು ಕ್ಲೇಮು ಮಾಡದೆ ಗಳಿಸಿದ ರಿಯಾಯಿತಿ ಅವರದೇ ಹೊರತು ಕಾರಿನದಲ್ಲ. ಅದು ನಮಗೆ ಬರುವುದಿಲ್ಲ.

ಕೊನೆಗೆ ಕಾರ್ಕಳದಲ್ಲಿ, ಒಬ್ಬರೇ ಬಳಸಿದ, ಮನೆಯ ಶೆಡ್ಡಿನಲ್ಲಿ ನಿಲ್ಲುತ್ತಿದ್ದ 2021ರ ವ್ಯಾಗನ್ ಆರ್ ಸಿಕ್ಕಿತು. ರಸೀದಿಗಳೆಲ್ಲ ಒಂದು ಕಡತದಲ್ಲಿದ್ದವು. ಬಾಗಿಲಿನಲ್ಲೊಂದು ಗೀರು ಇತ್ತು. ನಾವು ಕೇಳುವ ಮೊದಲೇ ಮಾಲಿಕರು ಅದನ್ನು ತೋರಿಸಿದರು. ನನ್ನ ಹೆಂಡತಿ ಬಗ್ಗದೆ, ಕೈಯಾಸರೆಯಿಲ್ಲದೆ ಒಳಗೆ ಕುಳಿತಳು. “ಇದು ಆಗಬಹುದು” ಎಂದಳು. ಅಷ್ಟು ಸಾಕಾಗಿತ್ತು.

ಇಲ್ಲಿಗೆ ಕತೆ ಮುಗಿಯಬೇಕಾಗಿತ್ತು. ನಿಜವಾದ ಪರೀಕ್ಷೆ ಉಳಿದಿತ್ತು. ಹಳೆಯ ಕಾರನ್ನು ಏನು ಮಾಡುವುದು? ಅದರ ಹದಿನೈದು ವರ್ಷದ ನೋಂದಣಿ 2023ರಲ್ಲಿ ಮುಗಿದಾಗ ಐದು ಸಾವಿರ ರೂಪಾಯಿ ಶುಲ್ಕ ಕಟ್ಟಿ ಮತ್ತೆ ಐದು ವರ್ಷಕ್ಕೆ ನವೀಕರಿಸಿದ್ದೆ. ಕಾಗದದಲ್ಲಿ ಅದಕ್ಕಿನ್ನೂ 2028ರ ತನಕ ಆಯುಸ್ಸು. ಕಟಪಾಡಿಯ ಆ ರಾತ್ರಿಯ ಬಳಿಕ ದುರಸ್ತಿಯಾಗಿ ಓಡುತ್ತಲೂ ಇತ್ತು. ಕಾಲೇಜು ಸೇರಿದ ಮಗನಿಗೆಂದು ಒಬ್ಬರು ಕೇಳಿಕೊಂಡು ಬಂದರು. ಅರುವತ್ತು ಸಾವಿರಕ್ಕೆ ಒಪ್ಪಿದರು. ಹೊರಗೆ ತೊಳೆದಿಟ್ಟ ಕಾರು ಹೊಳೆಯುತ್ತಿತ್ತು. ಚಾಲಕನ ಕಾಲಡಿಯ ಹಾಸಿನ ಕೆಳಗೆ ತಗಡು ತೂತು ಬಿದ್ದಿರುವುದು ನನಗೂ ಮೇಸ್ತ್ರಿಗೂ ಮಾತ್ರ ಗೊತ್ತು. ಅವರು ಕೇಳಲಿಲ್ಲ. ನಾನು ಸುಮ್ಮನಿದ್ದರೆ ಕಾನೂನು ನನ್ನನ್ನು ಹಿಡಿಯುತ್ತಿತ್ತೋ ಇಲ್ಲವೋ. ಆದರೆ ಬಿಳಿಯ ಕಾರನ್ನು ತೋರಿಸಿದವರ ಮೇಲೆ ಅಷ್ಟು ಸಿಟ್ಟಾಗಿದ್ದ ನಾನು ಈಗ ಅವರ ಜಾಗದಲ್ಲೇ ನಿಂತಿದ್ದೆ. ಹಾಸನ್ನು ಎತ್ತಿ ತೋರಿಸಿದೆ. ಅವರು ಒಂದು ಗಳಿಗೆ ನೋಡಿ, ವಂದಿಸಿ ಹೊರಟುಹೋದರು.

ಕಾರನ್ನು ಸರಕಾರದ ನೋಂದಣಿಯಿರುವ ಗುಜರಿ ಕೇಂದ್ರಕ್ಕೆ ಒಪ್ಪಿಸಿದೆ. ಸಿಕ್ಕಿದ್ದು ಆ ಹಣದ ಅರ್ಧಕ್ಕೂ ಕಡಮೆ. ಅವರು ಕೊಟ್ಟ ಪ್ರಮಾಣಪತ್ರವನ್ನು ತೆಗೆದುಕೊಂಡು ನೋಂದಣಿಯನ್ನು ರದ್ದು ಮಾಡಿಸಿದೆ; ಅದನ್ನು ಮರೆಯಬಾರದು. ಮನೆಗೆ ಬಂದು ಲೆಕ್ಕ ಹೇಳಿದಾಗ ಹೆಂಡತಿ, “ಆ ಹುಡುಗನ ತಾಯಿ ರಾತ್ರಿ ನಿಶ್ಚಿಂತೆಯಿಂದ ಮಲಗಲಿ” ಎಂದಷ್ಟೇ ನುಡಿದಳು. ಕೊಳ್ಳುವಾಗ ಕಣ್ಣು ತೆರೆದಿರಬೇಕು ಎಂಬುದನ್ನು ಅಜ್ಜ ಕಲಿಸಿದ್ದರು. ಮಾರುವಾಗ ಬಾಯಿ ತೆರೆಯಬೇಕು ಎಂಬುದನ್ನು ನಾನೇ ಕಲಿಯಬೇಕಾಯಿತು. ಎಲ್ಲರೂ ಹಾಗೆ ಮಾರುವ ಕಾಲ ಬಂದರೆ ನಾನು ಇಷ್ಟೆಲ್ಲ ಹೇಳಬೇಕಾದ ಅಗತ್ಯವೇ ಇರಲಾರದು. ಅಲ್ಲಿಯ ತನಕ ಲಿಫ್ಟಿನ ಮೇಲೇರಿಸಿ ತಳವನ್ನು ನೋಡುವುದೇ ಕ್ಷೇಮ.

(ಬಾನುಲಿ ಭಾಷಣ)