ಎರಡು ಊರಿನ ನಡುವಿನ ಹುಲ್ಲು: ಪೋಕೆಮಾನ್‌ನ ಹೊಸ ಆಟ, ಹಳೇ ಅಭಿಮಾನಿಗಳ ಲೆಕ್ಕ

'ಪೋಕೆಮಾನ್ ಲೆಜೆಂಡ್ಸ್: ಝಡ್-ಎ' ಬಿಡುಗಡೆಯಾಗಿದ್ದು 2025ರ ಅಕ್ಟೋಬರ್ 16ಕ್ಕೆ. ಮೊದಲ ವಾರದಲ್ಲೇ ಜಗತ್ತಿನಾದ್ಯಂತ 58 ಲಕ್ಷ ಪ್ರತಿ ಮಾರಾಟ ಆಯ್ತು. ನಮ್ಮ ಕೈಗೆ ಸಿಕ್ಕಿದ್ದು ಮಾತ್ರ ತಡವಾಗಿ. ನಿಂಟೆಂಡೊಗೆ ಭಾರತದಲ್ಲಿ ಅಧಿಕೃತ ಆನ್‌ಲೈನ್ ಅಂಗಡಿ ಇಲ್ಲ. ಹೊರಗಿನಿಂದ ಬಂದ ಯಂತ್ರವನ್ನೇ ಕೊಳ್ಳಬೇಕು, ಆಟಕ್ಕೇ 60 ಡಾಲರ್, ಸ್ವಿಚ್ 2ರ ಆವೃತ್ತಿಗೆ 70. ಹೈದರಾಬಾದಿನಲ್ಲಿ ಕೆಲಸ ಮಾಡುವ ಗೆಳೆಯನ ಅಣ್ಣ ರಜೆಗೆ ಊರಿಗೆ ಬಂದಾಗ ಅವರ ಸ್ವಿಚ್ ಇಸಕೊಂಡು, ಬಸವಕಲ್ಯಾಣದವರಿಬ್ಬರು, ಹುಮನಾಬಾದಿನವರು ಮೂವರು, ಪಾಳಿ ಹಚ್ಚಿ ಆಡಿದ್ದೇವೆ. ಈ ಲೇಖನ ಆ ಐದೂ ಜನರದ್ದು. ಜಗಳ ಆದಲ್ಲಿ ಬಹುಮತದ ಮಾತನ್ನೇ ಬರೆದಿದ್ದೇವೆ.

ಪೋಕೆಮಾನ್ ಆಡದವರಿಗಾಗಿ ಮೊದಲು ಸ್ವಲ್ಪ ಹೇಳಿಬಿಡೋಣ. ಕಾಡು, ಕೆರೆ, ಗವಿಗಳಲ್ಲಿ ಥರಾವರಿ ಪ್ರಾಣಿಗಳು ಇರ್ತಾವೆ. ಅವನ್ನು ಹಿಡೀಬೇಕು, ಬೆಳೆಸಬೇಕು, ಬೇರೆಯವರ ಪ್ರಾಣಿಗಳ ಜೊತೆ ಸೆಣಸಾಡಿಸಬೇಕು. ಒಂದೊಂದಕ್ಕೂ ಒಂದು ಅಥವಾ ಎರಡು ಗುಣ: ಬೆಂಕಿ, ನೀರು, ಹುಲ್ಲು, ಕಲ್ಲು, ವಿದ್ಯುತ್ತು ಹೀಗೆ ಒಟ್ಟು 18. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹುಲ್ಲನ್ನು ಸುಡುತ್ತದೆ, ಹುಲ್ಲು ನೀರನ್ನು ಕುಡಿಯುತ್ತದೆ. ಇದೆಲ್ಲ ಬರೀ ಗುಣಾಕಾರ. ಹಳೇ ಆಟದಲ್ಲಿ ಬ್ರಾಕ್ ಎಂಬವನ ಹತ್ತಿರ ಓನಿಕ್ಸ್ ಇತ್ತು, ಕಲ್ಲು ಮತ್ತು ಮಣ್ಣು ಎರಡೂ ಗುಣದ್ದು. ನೀರು ಕಲ್ಲಿಗೆ ಎರಡು ಪಟ್ಟು, ಮಣ್ಣಿಗೂ ಎರಡು ಪಟ್ಟು, ಅಂದರೆ ಓನಿಕ್ಸ್‌ಗೆ ನಾಲ್ಕು ಪಟ್ಟು ಪೆಟ್ಟು. ಬೆಂಕಿ ಹಾಕಿದರೆ ಅರ್ಧ. ಪಿಕಾಚುವಿನ ಕರೆಂಟು ಹೊಡೆದರೆ ಸೊನ್ನೆ, ಯಾಕಂದರೆ ಮಣ್ಣಿಗೆ ಕರೆಂಟು ತಾಗೋದೇ ಇಲ್ಲ. ಅರ್ಥಿಂಗ್ ಅಂದರೇನು ಅಂತ ನಾವು ಲ್ಯಾಬಿಗೆ ಬರೋ ಮೊದಲೇ ಕಲಿತಿದ್ದು ಇಲ್ಲೇ.

ನಮ್ಮ ಕಡೆಯ ಹುಡುಗರಿಗೆ ಪೋಕೆಮಾನ್ ಬಂದಿದ್ದು ಟಿವಿಯಿಂದ, ಹಿಂದಿಯಲ್ಲಿ. ಭಾರತದಲ್ಲಿ 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ಶುರು ಮಾಡಿತು, ನಮ್ಮ ಕಾಲಕ್ಕೆ ಹಂಗಾಮಾ ಚಾನೆಲ್. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಹಿಂದಿ-ಉರ್ದು, ಗಡಿಯ ಆಚೆ ಮರಾಠಿ ಇರುವ ನಮ್ಮ ಬೀದರ ಜಿಲ್ಲೆಯಲ್ಲಿ ಭಾಷೆ ಯಾರಿಗೂ ಅಡ್ಡ ಬರಲಿಲ್ಲ. ಆಟ ಆಡಿದ್ದು ಆಮೇಲೆ, ಎಂಟನೇತ್ತದ ಸುಮಾರಿಗೆ, ಮೊಬೈಲಿನಲ್ಲಿ. 'ಫೈರ್‌ರೆಡ್' ಎಂಬ 2004ರ ಆಟ. ಅದರ ಮೊದಲ ದಾರಿಯ ಹೆಸರು ರೂಟ್ 1. ಪ್ಯಾಲೆಟ್ ಎಂಬ ಸಣ್ಣ ಊರಿನಿಂದ ವಿರಿಡಿಯನ್ ಎಂಬ ಪಟ್ಟಣಕ್ಕೆ ಹೋಗೋ ಹಾದಿ. ಎರಡೂ ಕಡೆ ಎತ್ತರದ ಹುಲ್ಲು. ಹುಲ್ಲಿನಲ್ಲಿ ಕಾಲಿಟ್ಟರೆ ಪಿಜೀ ಎಂಬ ಹಕ್ಕಿ, ಇಲ್ಲಾಂದರೆ ರಟಾಟಾ ಎಂಬ ಇಲಿ.

ಈ ಸರಣಿಯ ಜೀವ ಇರೋದು ಆ ಹುಲ್ಲಿನಲ್ಲಿ ಅಂತ ನಮ್ಮ ಅನಿಸಿಕೆ. ಊರೊಳಗೆ ಅಂಗಡಿ ಇದೆ, ಆಸ್ಪತ್ರೆ ಇದೆ, ಮಾತಾಡೋ ಜನ ಇದ್ದಾರೆ. ಆದರೆ ಪ್ರಾಣಿ ಸಿಗೋದು ಊರಿಗೂ ಊರಿಗೂ ನಡುವೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿಲೋಮೀಟರ್. ಊರು ಬಿಟ್ಟು ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಹತ್ತಿದರೆ, ರಾಜೇಶ್ವರ ದಾಟಿ ಹುಮನಾಬಾದಿನವರೆಗೂ ತೊಗರಿ, ಸೋಯಾ, ಕಬ್ಬಿನ ಹೊಲ. ಬಸ್ಸಿನ ಕಿಟಕಿಯಲ್ಲಿ ಕೂತು ಆ ದಾರಿಯನ್ನು ರೂಟ್ 1 ಅಂತ ಕರೆಯದ ಹುಡುಗ ನಮ್ಮಲ್ಲಿಲ್ಲ. ಕಲ್ಯಾಣದ ಕೋಟೆಯ ಬುರುಜಿನ ಸಂದಿಯಲ್ಲಿ ಝೂಬ್ಯಾಟ್ ಬಾವಲಿ, ತ್ರಿಪುರಾಂತ ಕೆರೆಯಲ್ಲಿ ಮ್ಯಾಜಿಕಾರ್ಪ್ ಮೀನು, ಜಲಸಂಗ್ವಿ ಗುಡಿಯ ಹತ್ತಿರ ಯಾವುದೋ ಕಲ್ಲಿನ ಗುಣದ್ದು. (ಅಲ್ಲಿಯ ಶಿಲಾಬಾಲಿಕೆ ಕೈಯಲ್ಲಿ ಶಾಸನ ಬರೀತಾ ನಿಂತಿದ್ದಾಳೆ, ನೋಡದವರು ಹುಮನಾಬಾದಿಗೆ ಬಂದಾಗ ನೋಡಿ.) ಎಲ್ಲಿ ಏನು ಸಿಗ್ತದೆ ಅನ್ನೋ ಲೆಕ್ಕವೇ ಈ ಆಟದ ಅರ್ಧ ಸುಖ.

ಇದು ನಮ್ಮ ಕಲ್ಪನೆ ಮಾತ್ರ ಅಲ್ಲ, ಆಟ ಹುಟ್ಟಿದ್ದೇ ಹೀಗೆ. ಪೋಕೆಮಾನ್ ಮಾಡಿದ ಸತೋಶಿ ತಾಜಿರಿ ಬೆಳೆದಿದ್ದು ಟೋಕಿಯೊ ಹೊರವಲಯದ ಮಾಚಿದಾದಲ್ಲಿ. ಚಿಕ್ಕವನಿದ್ದಾಗ ಕೆರೆ, ಗದ್ದೆಗಳಲ್ಲಿ ಹುಳ ಹಿಡಿಯೋದೇ ಆತನ ಕಸುಬು. ಊರು ಬೆಳೀತು, ಕೆರೆ ಮುಚ್ಚಿ ಕಟ್ಟಡ ಬಂದವು, ಹುಳ ಹೋದವು. ತನಗೆ ಸಿಕ್ಕ ಆ ಖುಷಿ ಮುಂದಿನ ಮಕ್ಕಳಿಗೂ ಸಿಗಲಿ ಅಂತ ಮಾಡಿದ ಆಟ 1996ರ ಫೆಬ್ರವರಿ 27ಕ್ಕೆ ಜಪಾನಿನಲ್ಲಿ ಹೊರಬಂತು, 151 ಪ್ರಾಣಿಗಳೊಂದಿಗೆ. ಮಿರಗದ ಮಳೆಗೆ ಹೊರಬರೋ ಕೆಂಪು ಮಖಮಲ್ ಹುಳವನ್ನು ಕಡ್ಡಿಪೆಟ್ಟಿಗೆಯಲ್ಲಿಟ್ಟು ಶಾಲೆಗೆ ಒಯ್ದವರಿಗೆ ತಾಜಿರಿಯ ಮಾತು ಬೇರೆ ವಿವರಿಸಬೇಕಾಗಿಲ್ಲ. ಅಂದ ಹಾಗೆ, ಕಂಬಳಿಹುಳ ಕೋಶವಾಗಿ ಚಿಟ್ಟೆಯಾಗೋದನ್ನು ಆಟ 'ಎವೊಲ್ಯೂಷನ್' ಅಂತ ಕರೀತದೆ. ಜೀವಶಾಸ್ತ್ರದ ಪ್ರಕಾರ ಅದು ತಪ್ಪು. ನಮ್ಮ 'ರೂಪಾಂತರ' ಅನ್ನೋ ಪದವೇ ಸರಿ ಹೊಂದುತ್ತದೆ.

ಈಗ ಹೊಸ ಆಟಕ್ಕೆ ಬರೋಣ. ಝಡ್-ಎ ಪೂರ್ತಿ ಒಂದೇ ನಗರದಲ್ಲಿ ನಡೀತದೆ. ಹೆಸರು ಲುಮಿಯೋಸ್, ಪ್ಯಾರಿಸ್ಸಿನ ಅಚ್ಚಿನಲ್ಲಿ ಮಾಡಿದ್ದು, ನಡುವೆ ಐಫೆಲ್ ಗೋಪುರದಂಥದ್ದೇ ಒಂದು ಗೋಪುರ. ರೂಟ್ ಇಲ್ಲ, ಎರಡನೇ ಊರಿಲ್ಲ. ಹಗಲು ನಗರದ ಒಳಗೇ ಗುರುತು ಮಾಡಿದ 'ವೈಲ್ಡ್ ಝೋನ್'ಗಳಲ್ಲಿ ಪ್ರಾಣಿ ಹಿಡೀಬೇಕು. ರಾತ್ರಿಯಾದರೆ ಕೆಲವು ಬೀದಿಗಳು ಕಾಳಗದ ಕಣವಾಗ್ತಾವೆ. ಅಲ್ಲಿ ಗೆಲ್ಲುತ್ತಾ ಝಡ್ ದರ್ಜೆಯಿಂದ ಎ ದರ್ಜೆಗೆ ಏರಬೇಕು. ಹೆಸರಿನ ಗುಟ್ಟು ಅದೇ.

ದೊಡ್ಡ ಬದಲಾವಣೆ ಕಾಳಗದ್ದು, ಅದನ್ನು ಬಿಡಿಸಿ ಹೇಳಲೇಬೇಕು. ಮೂವತ್ತು ವರ್ಷ ಪೋಕೆಮಾನ್ ಕಾಳಗ ಚದುರಂಗದ ಥರ ಪಾಳಿಯ ಮೇಲೆ ನಡೀತು. ನೀವೊಂದು ಆಯ್ಕೆ ಮಾಡ್ತೀರಿ, ಎದುರಾಳಿಯೂ ಮಾಡ್ತಾನೆ, ಯಾರ ಪ್ರಾಣಿಗೆ ವೇಗ ಜಾಸ್ತಿಯೋ ಅದರ ಪೆಟ್ಟು ಮೊದಲು. ನೀವು ಚಹಾ ಕುಡಿದು ಬಂದರೂ ಓನಿಕ್ಸ್ ಕಾಯ್ತಾ ನಿಂತಿರ್ತಿತ್ತು. ಝಡ್-ಎದಲ್ಲಿ ಪಾಳಿ ಇಲ್ಲ. ಒಂದೊಂದು ಪೆಟ್ಟಿಗೂ ಅದರದೇ ಗಡಿಯಾರ. ಪೆಟ್ಟು ಹಾಕಿದ ಮೇಲೆ ಅದು ಮತ್ತೆ ಸಿದ್ಧವಾಗೋಕೆ ಕೆಲವು ಸೆಕೆಂಡು ಬೇಕು, ಜೋರಾದ ಪೆಟ್ಟಿಗೆ ಜಾಸ್ತಿ ಹೊತ್ತು. ಸಿಎಸ್ ಗೆಳೆಯರ ಭಾಷೆಯಲ್ಲಿ ಹೇಳೋದಾದರೆ, ಮೊದಲು ಇಬ್ಬರ ಇನ್‌ಪುಟ್ ತಗೊಂಡು ವಿಂಗಡಿಸಿ ನಡೆಸೋ ಲೂಪ್ ಇತ್ತು, ಈಗ ನಾಲ್ಕು ಟೈಮರ್ ಒಟ್ಟಿಗೆ ಓಡುತ್ತಾವೆ.

ಇದರಿಂದ ಜಾಗಕ್ಕೆ ಬೆಲೆ ಬಂತು. ನಿಮ್ಮ ಪ್ರಾಣಿ ನಿಮ್ಮ ಹಿಂದೆ ಓಡಾಡುತ್ತದೆ, ಹಾಗಾಗಿ ನೀವು ಎಲ್ಲಿ ನಿಲ್ತೀರಿ ಅನ್ನೋದೂ ಕಾಳಗದ ಭಾಗ. ಹತ್ತಿರದಿಂದ ಹೊಡೆಯೋ ಪೆಟ್ಟಿಗೆ ಪ್ರಾಣಿ ಓಡಿ ಹೋಗಿ ಮುಟ್ಟಬೇಕು, ಅಷ್ಟರಲ್ಲಿ ಎದುರಿನದು ದೂರದಿಂದಲೇ ಬೆಂಕಿ ಉಗುಳಿರ್ತದೆ. 'ಪ್ರೊಟೆಕ್ಟ್' ಎಂಬ ರಕ್ಷಣೆಯನ್ನು ಪೆಟ್ಟು ಬೀಳೋ ಕ್ಷಣಕ್ಕೇ ಒತ್ತಬೇಕು. ಕಾಡುಪ್ರಾಣಿಗಳು ನಿಮ್ಮನ್ನೇ ನೇರವಾಗಿ ಹೊಡೀತಾವೆ, ಉರುಳಿ ತಪ್ಪಿಸ್ಕೋಬೇಕು. ಮೊದಲ ಎರಡು ಗಂಟೆ ನಮ್ಮಲ್ಲಿ ಹಳಬರೇ ಜಾಸ್ತಿ ಸೋತರು. ಗುಣಾಕಾರದ ಕೋಷ್ಟಕ ಬಾಯಿಪಾಠ ಇದ್ದರೂ ಬೆರಳು ಓಡಲಿಲ್ಲ. ಹತ್ತು ಗಂಟೆ ಆದ ಮೇಲೆ ಒಪ್ಪಿಕೊಂಡೆವು: ಟಿವಿಯಲ್ಲಿ ಆಶ್ "ತಪ್ಪಿಸ್ಕೋ!" ಅಂತ ಕೂಗ್ತಿದ್ದನಲ್ಲ, ಅದು ಆಟದೊಳಗೆ ನಿಜವಾಗಿದ್ದು ಈಗಲೇ. ಕಳೆದುಕೊಂಡಿದ್ದೂ ಇದೆ. 'ಎಬಿಲಿಟಿ' ಎಂಬ ಪ್ರತಿ ಪ್ರಾಣಿಯ ವಿಶೇಷ ಶಕ್ತಿಯನ್ನು ಇಲ್ಲಿ ಪೂರ್ತಿ ತೆಗೆದಿದ್ದಾರೆ. ನಿಧಾನ ಯೋಚಿಸಿ ಗೆಲ್ಲೋರಿಗೆ ಇದು ಬೇಜಾರಿನ ಸಂಗತಿ. ಆದರೂ ಮತ ಹಾಕಿದಾಗ ಹೊಸ ಕಾಳಗಕ್ಕೆ ನಾಲ್ಕು, ಹಳೇದಕ್ಕೆ ಒಂದು.

ಹಿಡಿಯೋ ಕೆಲಸದಲ್ಲಿ ಮತ ತಿರುವುಮುರುವು. ವೈಲ್ಡ್ ಝೋನ್ ಅಂದರೆ ಬೆಳಕಿನ ಬೇಲಿ ಹಾಕಿದ ಒಂದು ಚೌಕ, ಒಂದು ಉದ್ಯಾನ, ಒಂದು ಓಣಿ. ಒಟ್ಟು 20. ಒಳಗೆ ಕಾಲಿಟ್ಟ ಹತ್ತು ಸೆಕೆಂಡಿನಲ್ಲಿ ಅಲ್ಲಿರೋದೆಲ್ಲ ಕಣ್ಣಿಗೆ ಬೀಳ್ತದೆ. ಹಿಂದಿನಿಂದ ಮೆಲ್ಲಗೆ ಹೋಗಿ ಚೆಂಡು ಎಸೆದರೆ ಸಿಗೋ ಅವಕಾಶ ಹೆಚ್ಚು ಅನ್ನೋ ನಿಯಮ ಚೆನ್ನಾಗಿದೆ, ಆದರೆ ಮೆಲ್ಲಗೆ ಹೋಗೋಕೆ ಜಾಗವೇ ಇಲ್ಲ. ಇದೇ ಗೇಮ್ ಫ್ರೀಕ್ ಕಂಪನಿ 2022ರ ಜನವರಿಯಲ್ಲಿ ತಂದ 'ಲೆಜೆಂಡ್ಸ್: ಆರ್ಸಿಯಸ್'ನಲ್ಲಿ ಬಯಲು, ಜೌಗು, ಹಿಮ ಎಲ್ಲ ಇತ್ತು. ಹುಲ್ಲಿನಲ್ಲಿ ಅಡಗಿ ಕೂತು ಕಾಯಬೇಕಿತ್ತು, ಮಳೆ ಬಂದರೆ ಬೇರೆ ಪ್ರಾಣಿ ಬರ್ತಿತ್ತು. ಇಲ್ಲಿ ಒಂದು ಬೀದಿಯ ಚೌಕಕ್ಕೂ ಇನ್ನೊಂದಕ್ಕೂ ಅಂಥ ವ್ಯತ್ಯಾಸ ಇಲ್ಲ. ನಗರವನ್ನಾದರೂ ತುಂಬಿಸಿದ್ದಾರಾ ಅಂದರೆ, ಹೆಚ್ಚಿನ ಮನೆಗಳ ಗೋಡೆಗೆ ಕಿಟಕಿ ಬರೀ ಬಣ್ಣದಲ್ಲಿ ಬಳಿದಂತಿದೆ, ಬಾಗಿಲು ತೆರೆಯಲ್ಲ. ಚಾವಣಿ ಹತ್ತಿ ಓಡಾಡೋದು ಮಾತ್ರ ಮಜಾ. ಒಟ್ಟು ಪೋಕೆಮಾನ್ ಜಾತಿಗಳು ಸಾವಿರ ದಾಟಿವೆ, ಇಲ್ಲಿರೋದು ಸುಮಾರು 230. ಪೂರ್ತಿ ಹೊಸ ಪ್ರಾಣಿ ಇಲ್ಲ, ಹಳೇ ಪ್ರಾಣಿಗಳಿಗೆ ಕಾಳಗದ ಹೊತ್ತಿಗಷ್ಟೇ ಬರುವ ಹೊಸ 'ಮೆಗಾ' ರೂಪಗಳಿವೆ.

ನಗರದ ಮಕ್ಕಳಿಗೆ ಇದೇ ಸಾಕು ಅಂತ ಯಾರಾದರೂ ಅಂದಾರು. ಈ ಮಾತು ನಮಗೆ ಹೊಸದಲ್ಲ. 2016ರ ಜುಲೈನಲ್ಲಿ ಹೊರದೇಶದಲ್ಲಿ ಬಂದ ಪೋಕೆಮಾನ್ ಗೋ, ಆ ಡಿಸೆಂಬರಿನಲ್ಲಿ ರಿಲಯನ್ಸ್ ಜಿಯೋ ಜೊತೆಗೂಡಿ ಭಾರತಕ್ಕೆ ಬಂತು, ರಿಲಯನ್ಸ್ ಡಿಜಿಟಲ್ ಅಂಗಡಿಗಳೇ ಆಟದ ತಾಣಗಳಾದವು. ಅದರ ನಕ್ಷೆ ಬಂದಿದ್ದು 'ಇಂಗ್ರೆಸ್' ಎಂಬ ಹಿಂದಿನ ಆಟದವರು ಗುರುತಿಸಿದ ಪ್ರತಿಮೆ, ಗುಡಿ, ಉದ್ಯಾನಗಳಿಂದ. ಆಡೋರು ಜಾಸ್ತಿ ಇದ್ದ ಊರಿಗೆ ತಾಣ ಜಾಸ್ತಿ. ಹಾಗಾಗಿ ಮಹಾನಗರದ ಒಂದೇ ಬೀದಿಯಲ್ಲಿ ಸಾಲಾಗಿ ತಾಣಗಳು, ಹಳ್ಳಿಯ ಹೊಲದಲ್ಲಿ ಖಾಲಿ ಹಸಿರು. ನಿಜವಾದ ಹುಳ-ಹುಪ್ಪಟೆ ಇರೋ ಕಡೆ ಆಟದ ಪ್ರಾಣಿ ಇಲ್ಲ, ಕಾಂಕ್ರೀಟ್ ಇರೋ ಕಡೆ ತುಂಬಿ ತುಳುಕ್ತಾವೆ. 2023ರಲ್ಲಿ ಆ ಆಟಕ್ಕೆ ಹಿಂದಿ ಬಂತು. ಝಡ್-ಎದಲ್ಲಂತೂ ಭಾರತದ ಯಾವ ಭಾಷೆಯೂ ಇಲ್ಲ. ದನಿಯೂ ಇಲ್ಲ, ಎಲ್ಲ ಓದೋದೇ, ಹಾಗಾಗಿ ನಮ್ಮಲ್ಲಿ ಒಬ್ಬರು ಓದಿ ಉಳಿದವರಿಗೆ ಕನ್ನಡದಲ್ಲಿ ಹೇಳ್ತಿದ್ದರು. ಆ ಭಾಗ ಆಟಕ್ಕಿಂತ ಚೆನ್ನಾಗಿತ್ತು.

ಝಡ್-ಎದ ಕಥೆಗೆ ಈ ವಿಷಯ ಗೊತ್ತಿದೆ ಅನ್ನೋದು ವಿಶೇಷ. ಕ್ವಾಸಾರ್ಟಿಕೊ ಎಂಬ ಕಂಪನಿ ಊರನ್ನು ಮರುಕಟ್ಟಲು ಹೊರಟಿದೆ, ಮನುಷ್ಯರೂ ಪ್ರಾಣಿಗಳೂ ಒಟ್ಟಿಗೆ ಬಾಳಬೇಕು ಅನ್ನೋದು ಯೋಜನೆ. ಕಥೆ ಮುಂದೆ ಹೋದಂತೆ ಹೊಸ ಹೊಸ ಝೋನ್ ಏಳ್ತಾವೆ. ನಿನ್ನೆ ನಡೆದಾಡಿದ ಚೌಕ ಇವತ್ತು ಬೇಲಿಯೊಳಗೆ. ಜನ ಗೊಣಗ್ತಾರೆ, ನಮ್ಮ ಜಾಗ ಹೋಯ್ತು ಅಂತ. ತಾಜಿರಿಯ ಕೆರೆ ಮುಚ್ಚಿದಾಗ ಹುಳಗಳು ಗೊಣಗಿದ್ದರೆ ಹೀಗೇ ಇರ್ತಿತ್ತೇನೋ. ಸರಣಿಯಲ್ಲೇ ಒಳ್ಳೆಯ ಪ್ರಶ್ನೆ ಇದು, ಜಾಗ ಯಾರದ್ದು ಅಂತ ಆಟ ನೇರವಾಗಿ ಕೇಳ್ತದೆ. ಬೇಜಾರು ಏನಂದರೆ ಕೇಳಿ ಬಿಟ್ಟುಬಿಡ್ತದೆ. ಕೊನೆಗೆ ಎಲ್ಲ ಗೋಪುರದ ದೊಡ್ಡ ಕಾಳಗಕ್ಕೆ ಹೊರಳುತ್ತದೆ, ಬೇಲಿಯ ಮಾತು ಹಿಂದೆ ಉಳೀತದೆ.

ಕೊಳ್ಳಬೇಕಾ ಅಂತ ಕೇಳೋರಿಗೆ: ಸ್ವಂತ ಯಂತ್ರ ಇಲ್ಲದಿದ್ದರೆ ಇದೊಂದಕ್ಕಾಗಿ ಬೇಡ. ಇದ್ದರೆ, ಅಥವಾ ಎರವಲು ಸಿಕ್ಕರೆ, ಕಾಳಗಕ್ಕಾಗಿ ಖಂಡಿತ ಆಡಿ. ಹಿಡಿಯೋ ಹುಚ್ಚು ಇರೋರು ಆರ್ಸಿಯಸ್ ಮೊದಲು ಹುಡುಕಿ. ಶುರುವಿನಲ್ಲಿ ಚಿಕೊರೀಟಾ, ಟೆಪಿಗ್, ಟೊಟೊಡೈಲ್ ಮೂರರಲ್ಲಿ ಒಂದನ್ನು ಆರಿಸಬೇಕು. ನಾವು ಟೊಟೊಡೈಲ್ ತಗೊಂಡೆವು, ಹುಮನಾಬಾದಿನವರ ಒತ್ತಾಯಕ್ಕೆ. ಬಸವಕಲ್ಯಾಣದವರು ಇನ್ನೂ ಟೆಪಿಗ್ಗೇ ಸರಿ ಅಂತಿದ್ದಾರೆ.