ಐ.ಡಿ.ಹಳ್ಳಿಯ ಆರ್‌ಎಕ್ಸ್‌ಗೆ ಒಂದು ಮಿಲಿಮೀಟರ್ ವಿಲನ್!

ತೆರೆಯ ಮೇಲೆ ನಾಯಕ ಬೈಕ್ ಏರಿ ಬಂದ ಅಂದ್ರೆ ಸಾಕು, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಗಾಡಿ ಬಾಣದ ಹಾಗೆ ನುಗ್ಗುತ್ತೆ. ವಿಲನ್ ಕಡೆಯವರು ದೂಳು ಕುಡೀತಾರೆ. ಆ ವೇಗದ ಗುಟ್ಟು ನಿಮಗೆ ಗೊತ್ತೇ? ರೀಲಿನ ಕಾಲದಲ್ಲಿ ಸೆಕೆಂಡಿಗೆ 16 ಫ್ರೇಮಿನಂತೆ ಚಿತ್ರ ತೆಗೆದು 24 ಫ್ರೇಮಿನಂತೆ ತೋರಿಸಿಬಿಡುತ್ತಿದ್ದರು. 40 ಕಿಲೋಮೀಟರಿನಲ್ಲಿ ತೆವಳುತ್ತಿದ್ದ ಬೈಕು ತೆರೆಯ ಮೇಲೆ 60ರಲ್ಲಿ ಹಾರುತ್ತಿತ್ತು!

ಆದರೆ ಇಂಥ ಕಣ್ಕಟ್ಟು ನಡೆಯದ ಜಾಗ ಒಂದಿದೆ ಮಿತ್ರರೇ. ಅದರ ಉದ್ದ 402 ಮೀಟರ್. ಅಂದರೆ ಕಾಲು ಮೈಲಿ. ತಿರುವಿಲ್ಲ, ಉಬ್ಬಿಲ್ಲ, ಹಿನ್ನೆಲೆ ಸಂಗೀತ ಇಲ್ಲ. ಹಳದಿ ದೀಪ, ಹಸಿರು ದೀಪ... ಹೋಯ್ತು! ಇದೇ ಡ್ರ್ಯಾಗ್ ರೇಸ್. ಅಮೆರಿಕದ ಹುಡುಗರು ಹಳೆಯ ದೈತ್ಯ ಕಾರುಗಳನ್ನು ಬಿಚ್ಚಿ ಈ ಓಟಕ್ಕೆ ಕಟ್ಟುತ್ತಾರೆ. ನಮ್ಮಲ್ಲಿ ಅಂಥ ಕಾರು ಎಲ್ಲಿಂದ ಬರಬೇಕು? ನಮ್ಮ ಹಳ್ಳಿಗಳ ದೈತ್ಯ ಒಂದೇ: ಯಮಹಾ ಆರ್‌ಎಕ್ಸ್ 100!

ಅಂಥದ್ದೊಂದು ದೈತ್ಯ ಐ.ಡಿ.ಹಳ್ಳಿಯಲ್ಲಿ ಸಿದ್ಧವಾಗ್ತಿದೆ ಅಂತ ಸುದ್ದಿ ಬಂತು. ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಟೀ ಕುಡಿದು ಬಸ್ ಹತ್ತಿದೆ. ಬೆನ್ನ ಹಿಂದೆ ಏಕಶಿಲಾ ಬೆಟ್ಟ, ಕಿಟಕಿಯಾಚೆ ಕಡಲೆಕಾಯಿ ಹೊಲ. ಇದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಓಟ ಅಂದ್ರೇನು ಅಂತ ಈ ಸೀಮೆಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ ಬಿಡಿ!

ಶೆಡ್ಡಿನ ಯಜಮಾನ ನನ್ನ ಹಳೆಯ ಸಹಪಾಠಿ. ನಾನು ಪಿಯುಸಿಗೆ ಅರ್ಧದಲ್ಲೇ ಸಲಾಂ ಹೊಡೆದು ಪೆನ್ನು ಹಿಡಿದೆ, ಅವನು ಸ್ಪ್ಯಾನರ್ ಹಿಡಿದ. "ನನ್ ಹೆಸರು ಮಾತ್ರ ಹಾಕ್ಬೇಡ ಕಣಣ್ಣ" ಅಂದಿದ್ದಾನೆ. ಆದ್ದರಿಂದ ಮೆಕ್ಯಾನಿಕ್ ಅಂತಲೇ ಕರೆಯೋಣ.

ಗಾಡಿ ಅವನದ್ದಲ್ಲ, ತೀರಿಕೊಂಡ ಅಪ್ಪನದ್ದು. ಆ ಗಾಡಿಗೂ ಸಿನಿಮಾಕ್ಕೂ ನೆಂಟಸ್ತನ ಉಂಟು! ಒಂದೇ ಪ್ರಿಂಟು, ಎರಡು ಟೆಂಟು ಇದ್ದ ಕಾಲ ಅದು. ಇಲ್ಲಿ ಮುಗಿದ ರೀಲನ್ನು ಡಬ್ಬಿಗೆ ಹಾಕಿ ಅಲ್ಲಿಗೆ ಮುಟ್ಟಿಸಬೇಕು. ತಡವಾದರೆ ತೆರೆಗೆ ಕಲ್ಲು ಬೀಳುತ್ತಿತ್ತು. ಅಪ್ಪ ರೀಲಿನ ಡಬ್ಬಿಯನ್ನು ಹಿಂದಿನ ಸೀಟಿಗೆ ಬಿಗಿದು ಕತ್ತಲಲ್ಲಿ ಓಡಿಸುತ್ತಿದ್ದರಂತೆ. "ಶಂಕರಣ್ಣನ್ ಪಿಚ್ಚರ್ ಇದ್ದಾಗ ಅಪ್ಪ ಇನ್ನೂ ಜೋರಾಗಿ ಓಡಿಸ್ತಿತ್ತಂತೆ" ಅಂತ ನಕ್ಕ ಮೆಕ್ಯಾನಿಕ್.

ಆರ್‌ಎಕ್ಸ್ 100 ನಮ್ಮ ದೇಶದ ರಸ್ತೆಗೆ ಇಳಿದದ್ದು 1985ರಲ್ಲಿ, ತಯಾರಿಕೆ ನಿಂತದ್ದು 1996ರಲ್ಲಿ. ನಾನು ಹುಟ್ಟುವ ಹೊತ್ತಿಗೆ ಅದರ ಕಥೆ ಮುಗಿದೇ ಹೋಗಿತ್ತು! ಆದರೂ ಇವತ್ತಿಗೂ ಆ ಸದ್ದು ಕೇಳಿದರೆ ತಲೆ ತಾನಾಗಿ ತಿರುಗುತ್ತೆ. 98 ಸಿಸಿ, 11 ಕುದುರೆ ಶಕ್ತಿ, ನೂರು ಕಿಲೋ ಚಿಲ್ಲರೆ ತೂಕ. ಎರಡು ಸ್ಟ್ರೋಕಿನ ಎಂಜಿನ್ ಆದ್ದರಿಂದ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಏಟು. ಹಗುರ ಮೈ, ಬಿಸಿ ರಕ್ತ!

ಈಗ ವಿಲನ್ ಎಂಟ್ರಿ. ರೇಸಿನಲ್ಲಿ ಯಾರು ಬೇಕಾದರೂ ಯಾರ ಮೇಲೆ ಬೇಕಾದರೂ ಓಡುವಂತಿಲ್ಲ. ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಕಟ್ಟುವ ಹಾಗೆ ಇಲ್ಲಿ ಸಿಸಿ ನೋಡಿ ತರಗತಿ. ಎರಡು ಸ್ಟ್ರೋಕ್ ಗಾಡಿಗಳಿಗೆ 130 ಸಿಸಿವರೆಗೆ ಒಂದು ತರಗತಿ, 131ರಿಂದ 165ರವರೆಗೆ ಇನ್ನೊಂದು. ನಮ್ಮ ಮೆಕ್ಯಾನಿಕ್ ಗುಜರಿಯಲ್ಲಿ ಆರ್‌ಎಕ್ಸ್ 135ರ ಹಳೆ ಎಂಜಿನ್ ಹಿಡಿದು ತಂದು ಅಪ್ಪನ ಚಾಸಿಗೆ ಕೂರಿಸಿದ. ಊರೆಲ್ಲ ಭೇಷ್ ಅಂದಿತು. ಆಮೇಲೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದ. ಬೋರ್ 58 ಮಿಲಿಮೀಟರ್, ಸ್ಟ್ರೋಕ್ 50. ಒಟ್ಟು 132 ಸಿಸಿ!

ಎರಡು ಸಿಸಿ ಹೆಚ್ಚು. ಗೆದ್ದರೂ ಹೆಡ್ ಬಿಚ್ಚಿ ಅಳೆದರೆ ಗೆಲುವು ರದ್ದು. ಮೇಲಿನ ತರಗತಿಗೆ ಹೋಗೋಣವೆಂದರೆ 165ರ ಪೈಲ್ವಾನರ ಮುಂದೆ 132ರ ಹುಡುಗ! "ಎರಡ್ ಸಿಸಿ ಯಾರ್ ನೋಡ್ತಾರಲಾ, ಸುಮ್ನೆ ಬಿಡು" ಅಂದರಂತೆ ಪಕ್ಕದವರು. ಇವನು ಬಿಡಲಿಲ್ಲ. ಬ್ಯಾರಲ್ ಎತ್ತಿಕೊಂಡು ತುಮಕೂರಿನ ಲೇತ್ ಅಂಗಡಿಗೆ ಹೋದ. ಹಳೆ ಸ್ಲೀವ್ ತೆಗೆಸಿ ದಪ್ಪ ಸ್ಲೀವ್ ಹಾಕಿಸಿ 57ಕ್ಕೆ ಬೋರ್ ಮಾಡಿಸಿದ. ಈಗ 127.6 ಸಿಸಿ. ಬರೀ ಒಂದು ಮಿಲಿಮೀಟರ್ ಸ್ವಾಮಿ! ಆ ಒಂದು ಮಿಲಿಮೀಟರಿಗಾಗಿ ಪಿಸ್ಟನ್ ಹುಡುಕುತ್ತಾ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ದಿನ ಚಪ್ಪಲಿ ಸವೆಸಿದ. ಸ್ಲೀವ್ ಬದಲಾದ ಮೇಲೆ ಪೋರ್ಟಿನ ಕಿಟಕಿಗಳನ್ನು ಮತ್ತೆ ಕೊರೆಯಬೇಕಲ್ಲ? ಅದನ್ನು ತಾನೇ ಕೂತು ಅರದಿಂದ ಉಜ್ಜಿದ.

ಸೈಲೆನ್ಸರ್ ಜಾಗಕ್ಕೆ ಹೊಟ್ಟೆ ಉಬ್ಬಿದ ಹೊಸ ಪೈಪು ಬಂತು. ಅದು ಬರೀ ಸದ್ದಿಗಲ್ಲ. ಹೊರಗೆ ಹೋಗುವ ಹೊಗೆಯ ಅಲೆ ಪೈಪಿನ ಕೊನೆಗೆ ಬಡಿದು ವಾಪಸ್ ಬಂದು, ಸುಡದೆ ಓಡಿಹೋಗುತ್ತಿದ್ದ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತೆ. ಹಿಂದಿನ ಸ್ಪ್ರಾಕೆಟ್ ದೊಡ್ಡದಾಯಿತು. ಮುಂದಿನ ಚಕ್ರ ಮೇಲೆ ಏಳದಿರಲೆಂದು ಸ್ವಿಂಗ್ ಆರ್ಮ್ ಉದ್ದವಾಯಿತು. ಹೆಡ್‌ಲೈಟು, ಇಂಡಿಕೇಟರು, ಹಿಂದಿನ ಸೀಟು ಎಲ್ಲಕ್ಕೂ ರಜೆ! ಸವಾರ ಬಿದ್ದರೆ ಎಂಜಿನ್ ತಾನೇ ನಿಲ್ಲಲೆಂದು, ಮಣಿಕಟ್ಟಿಗೆ ಕಟ್ಟಿಕೊಳ್ಳುವ ದಾರದ ಸ್ವಿಚ್ಚನ್ನೂ ಹಾಕಿದ್ದಾನೆ.

"ಇಷ್ಟೆಲ್ಲ ಯಾಕೋ? ರಾತ್ರಿ ಹೊತ್ತು ಹೈವೇಲಿ ಓಡಿಸಿದ್ರೆ ಬಾಜಿ ದುಡ್ಡೂ ಸಿಗುತ್ತಲ್ಲ?" ಅಂತ ಕೆಣಕಿದೆ.

ಅವನ ಮುಖ ಸಪ್ಪಗಾಯಿತು. ಶೆಡ್ಡಿನ ಮೂಲೆಯಲ್ಲಿ ಟಯರ್ ತೊಳೆಯುತ್ತಿದ್ದ ಹುಡುಗನನ್ನು ಕಣ್ಣಲ್ಲೇ ತೋರಿಸಿದ. ಆ ಹುಡುಗ ಎದ್ದು ನಡೆದಾಗ ಕಾಲು ಎಳೆಯುತ್ತಿತ್ತು. "ಒಳಗೆ ರಾಡ್ ಐತೆ. ಅವನ್ ಗಾಡಿ ಟ್ಯೂನ್ ಮಾಡ್ಕೊಟ್ಟಿದ್ದು ನಾನೇ ಕಣಣ್ಣ. ಸಿರಾ ಹೈವೇಲಿ ಬಾಜಿ ಕಟ್ಟಿ ಓಡಿಸ್ದ. ಎದುರುಗಡೆ ಟ್ರ್ಯಾಕ್ಟರಿಗೆ ಲೈಟಿರ್ಲಿಲ್ಲ. ಅವತ್ತೇ ಆಣೆ ಮಾಡ್ದೆ. ರೋಡಿಗೆ ಇನ್ ಟ್ಯೂನ್ ಮಾಡಲ್ಲ. ಮಾಡಿದ್ರೆ ಟ್ರ್ಯಾಕಿಗೇ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅದೇ ಹೆದ್ದಾರಿ ಸಿರಾ ದಾಟಿ ಚಿತ್ರದುರ್ಗ, ದಾವಣಗೆರೆ ಕಡೆಗೆ ಹೋಗುತ್ತೆ. ದಾವಣಗೆರೆ ಹತ್ತಿರದ ಆನಗೋಡಿನಲ್ಲಿ 1990ರ ಸೆಪ್ಟೆಂಬರ್ 30ರಂದು ಏನಾಯಿತು ಅಂತ ಈ ಪತ್ರಿಕೆಯ ಓದುಗರಿಗೆ ನಾನು ಹೇಳಬೇಕೆ? 1980ರಲ್ಲಿ 'ಆಟೋ ರಾಜ'ನಾಗಿ ಮನೆಮಾತಾಗಿ, ಅದೇ ವರ್ಷ 'ಮಿಂಚಿನ ಓಟ' ಕೊಟ್ಟ ಶಂಕರ್‌ನಾಗ್ ಅವರನ್ನು ಆ ರಸ್ತೆ ನುಂಗಿತು. ರಸ್ತೆಗೆ ಹೀರೋ ಯಾರು, ಎಕ್ಸ್‌ಟ್ರಾ ಯಾರು ಅನ್ನೋದು ಗೊತ್ತಿಲ್ಲ. ಅಲ್ಲಿ ರೀಟೇಕೂ ಇಲ್ಲ.

ಕಾನೂನೂ ಸುಮ್ಮನೆ ಕೂತಿಲ್ಲ. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಇದೆ. 2019ರ ತಿದ್ದುಪಡಿಯ ನಂತರ ಮೊದಲ ತಪ್ಪಿಗೇ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ! ಟ್ರ್ಯಾಕಿಗೆ ಹೋಗಲು ದಾರಿ ಬೇರೆ. ರಾಷ್ಟ್ರೀಯ ಫೆಡರೇಷನ್ನಿನ ಲೈಸೆನ್ಸ್, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್, ಚರ್ಮದ ಸೂಟು, ಬೂಟು, ಗ್ಲೌಸು. ಬೆಂಗಳೂರಿನ ಹೇಮಂತ್ ಮುದ್ದಪ್ಪ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್ ಪಟ್ಟ ಮತ್ತೆ ಮತ್ತೆ ಗೆದ್ದದ್ದು ಇದೇ ದಾರಿಯಲ್ಲಿ. ದೊಡ್ಡ ಬೈಕುಗಳು ಆ 402 ಮೀಟರನ್ನು 8 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತವೆ. ನೀವು ಒಂದು ಬೀಡಿ ಹಚ್ಚುವಷ್ಟರಲ್ಲಿ!

ಸಂಜೆಯಾಯಿತು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಹೊರಡಲು ಲಗೇಜ್ ಆಟೋ ಬಂದು ನಿಂತಿತು. ಇನ್ನು ಈ ಗಾಡಿ ರಸ್ತೆಯಲ್ಲಿ ಓಡುವಂತಿಲ್ಲ, ರಸ್ತೆಯಲ್ಲಿ ಹೊತ್ತುಕೊಂಡೇ ಹೋಗಬೇಕು. ಅವರಮ್ಮ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಮಗ ಒಂದು ಕಿಕ್ ಹೊಡೆದ. ಅಬ್ಬಬ್ಬಾ... ಶೆಡ್ಡಿನ ತಗಡೆಲ್ಲ ನಡುಗಿತು! ಆ ತಾಯಿ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

"ನಿಮ್ಮಪ್ಪನ್ ಗಾಡಿ ಸದ್ದಲ್ಲ ಕಣಪ್ಪ ಇದು" ಅಂದರು.

ಅವನು ಮಾತಾಡಲಿಲ್ಲ. ಒಳಗೆ ಹೋಗಿ ಗೋಣಿಚೀಲ ಬಿಚ್ಚಿ ತೋರಿಸಿದ. ಎಣ್ಣೆ ಸವರಿದ ಅಪ್ಪನ ಎಂಜಿನ್, ಹಳೆ ಸ್ವಿಂಗ್ ಆರ್ಮ್, ಟವೆಲಿನಲ್ಲಿ ಸುತ್ತಿಟ್ಟ ಹೆಡ್‌ಲೈಟು. ಒಂದು ನಟ್ಟೂ ಗುಜರಿಗೆ ಹೋಗಿರಲಿಲ್ಲ. ಚಾಸಿಯ ಮೇಲೆ ಒಂದು ವೆಲ್ಡಿಂಗ್ ಗುರುತೂ ಇರಲಿಲ್ಲ.

"ಎಲ್ಲಾ ಮಡಗಿವ್ನಿ ಕಣಮ್ಮ. ಓಡ್ಸಾಕೆ ಆಸೆ ತೀರಿದ್ ದಿನ ವಾಪಸ್ ಕಟ್ತೀನಿ" ಅಂದ.

ತಾಯಿ ಹೆಡ್‌ಲೈಟನ್ನು ಕೈಗೆ ತಗೊಂಡು ಗಾಜು ಒರೆಸಿದರು. ಲಗೇಜ್ ಆಟೋ ಹೊರಟಿತು. ನಾನು ಕೊನೆ ಬಸ್ಸಿಗೆ ಓಡಿದೆ. ಗೆಲ್ತಾನೋ ಸೋಲ್ತಾನೋ, ಅದು ಆ ಹಸಿರು ದೀಪಕ್ಕೆ ಬಿಟ್ಟದ್ದು. ಆದರೆ ಯಾರೂ ನೋಡದ ಎರಡು ಸಿಸಿಗೆ ಇಷ್ಟು ಮರ್ಯಾದೆ ಕೊಟ್ಟವನಿಗೆ ಒಂದು ಶಿಳ್ಳೆ ಹೊಡೆಯೋದ್ರಲ್ಲಿ ತಪ್ಪೇನಿಲ್ಲ... ಏನಂತೀರಿ?