ಕೆನೆ ಕಟ್ಟದ ನೀರು

ಆಮ್‌ಸ್ಟರ್‌ಡ್ಯಾಮಿನ ನೈಋತ್ಯ ಅಂಚಿನಲ್ಲಿ ನ್ಯೂವೆ ಮೇರ್ ಎಂಬ ಸರೋವರ. ಒಂದು ದಡಕ್ಕೆ ಕಾಡು ಒತ್ತಿಕೊಂಡಿದೆ. ಬೇಸಿಗೆಯ ಮಧ್ಯಾಹ್ನ ಗಾಳಿ ಬಿದ್ದು ಹೋದರೂ ಇಲ್ಲಿನ ನೀರು ಕನ್ನಡಿಯಾಗದು. ಗುಳ್ಳೆಗಳು ಹಿಂಡಾಗಿ ಎದ್ದು ಫಟ್ಟನೆ ಒಡೆಯುತ್ತವೆ. ಸುತ್ತಲೂ ನುಣುಪಾದ ಬಳೆಗಳು ಹರಡುತ್ತವೆ. ಅನ್ನದ ಎಸರು ಕಾಯುವಾಗ ಪಾತ್ರೆಯ ತಳದಿಂದ ಏಳುವ ಗುಳ್ಳೆಗಳ ಹಾಗೆ.

ಕೆಳಗೆ, ಕೆಲವೆಡೆ 30 ಮೀಟರ್ ಆಳದವರೆಗೂ ಇಳಿಯುವ ತಳದಲ್ಲಿ, ತೂತು ಕೊರೆದ ಕೊಳವೆಗಳು ಮಲಗಿವೆ. ಕಂಪ್ರೆಸರ್ ಅವಕ್ಕೆ ಗಾಳಿ ನೂಕುತ್ತದೆ. 1993ರಲ್ಲಿ ಶುರುವಾದ ಏರ್ಪಾಡು ಇದು.

ಅದಕ್ಕೂ ಮೊದಲು ಬೇಸಿಗೆ ಬಂತೆಂದರೆ ಮೈಕ್ರೊಸಿಸ್ಟಿಸ್ ಹಸಿರು ಬಣ್ಣ ಚೆಲ್ಲಿದಂತೆ ತೇಲುತ್ತಿತ್ತು. ನಾವು ಪಾಚಿ ಅನ್ನುತ್ತೇವೆ. ನಿಜಕ್ಕೂ ಅದು ಬಿಸಿಲುಂಡು ಬದುಕುವ ಬ್ಯಾಕ್ಟೀರಿಯಾ. ಅದರ ವಿಷ ಯಕೃತ್ತಿಗೇ ಎರಗುತ್ತದೆ. ಇಂಥ ನೀರು ಕುಡಿದ ನಾಯಿ, ದನಗಳು ಸತ್ತದ್ದುಂಟು. ಆ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅಲುಗಿಸದೆ ಇಟ್ಟು ನೋಡಬೇಕು. ರವೆಯಂಥ ಹಸಿರು ಕಾಳುಗಳು ಒಂದೊಂದಾಗಿ ಮೇಲೇರಿ ಬಾಟಲಿಯ ಕತ್ತಿನಲ್ಲಿ ಕೆನೆ ಕಟ್ಟುತ್ತವೆ. ಜೀವಕೋಶದೊಳಗೆ ಗಾಳಿ ತುಂಬಿದ ಪುಟ್ಟ ಪುಟ್ಟ ಚೀಲಗಳಿವೆ. ಸೋರೆಬುರುಡೆ ಕಟ್ಟಿಕೊಂಡು ಈಜಿಗಿಳಿದ ಹುಡುಗರಂತೆ ಆ ಕಾಳುಗಳು ಸುಲಭಕ್ಕೆ ಮುಳುಗುವುದಿಲ್ಲ. ಮೇಲೆ ಹಾಸಿ ಮಲಗಿ ಬಿಸಿಲನ್ನೆಲ್ಲ ಬಾಚಿಕೊಂಡರೆ ಕೆಳಗಿನವಕ್ಕೆ ಕತ್ತಲೆಯೇ ಗತಿ.

ಹಾಲಿನಲ್ಲಿ ಸೌಟು ಆಡಿಸುತ್ತಿದ್ದರೆ ಕೆನೆ ಕಟ್ಟುವುದಿಲ್ಲವಲ್ಲ, ಇಲ್ಲಿ ಗುಳ್ಳೆಯೇ ಸೌಟು. ಏರುವ ಗುಳ್ಳೆ ತಳದ ನೀರನ್ನು ಮೇಲಕ್ಕೆಳೆಯುತ್ತದೆ, ಮೇಲಿನದು ಕೆಳಗಿಳಿಯುತ್ತದೆ. ಆ ಸುತ್ತಿನಲ್ಲಿ ಸಿಕ್ಕ ಮೈಕ್ರೊಸಿಸ್ಟಿಸ್ ದಿನದ ಬಹುಪಾಲು ಕತ್ತಲಲ್ಲೇ ಕಳೆಯಬೇಕು. ಗಾಜಿನ ಚಿಪ್ಪು ಹೊತ್ತು ಭಾರಕ್ಕೆ ಮುಳುಗುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳಿಗೋ ಅದೇ ಸುತ್ತು ತೇಲುವ ಭಾಗ್ಯ ಕೊಡುತ್ತದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಯೆಫ್ ಹೌಸ್‌ಮನ್, ಪೆತ್ರಾ ವಿಸರ್ ಮತ್ತು ಸಂಗಡಿಗರು 2004ರಲ್ಲಿ ಈ ಪೈಪೋಟಿಯನ್ನು ಲೆಕ್ಕ ಹಾಕಿ ತೋರಿಸಿದರು. ನನ್ನನ್ನು ಬೆರಗುಗೊಳಿಸುವುದು ಇದು: ನೀರಿನಲ್ಲಿ ಗೊಬ್ಬರದಂಶ ಹೇರಳವಾಗಿಯೇ ಉಳಿದಿತ್ತು, ಗೆಲ್ಲುವ ಜೀವಿ ಮಾತ್ರ ಬದಲಾಯಿತು.

ಆಳವಿದ್ದಲ್ಲಿ ಮಾತ್ರ ನಡೆಯುವ ಕೆಲಸ ಇದು. ಬೆಂಗಳೂರಿನ ಕೆರೆಗಳು ಬಹುತೇಕ ಆಳವಿಲ್ಲದವು. ಎಷ್ಟು ಕಲಕಿದರೂ ಪಾಚಿಯನ್ನು ತಳ್ಳಲು ಅಷ್ಟು ಕತ್ತಲೆ ಎಲ್ಲಿದೆ? ರಾಜಕಾಲುವೆಯಲ್ಲಿ ಹರಿದು ಬರುವ ಕೊಳಚೆಯನ್ನು ತಡೆಯದೆ ಕೆರೆಯಲ್ಲಿ ಕಾರಂಜಿ ನೆಟ್ಟಾಗಲೆಲ್ಲ ನನಗೆ ಸಂಕಟವಾಗುತ್ತದೆ.

ನ್ಯೂವೆ ಮೇರ್‌ನಲ್ಲಿ ಗುಳ್ಳೆಗಳು ಏಳುತ್ತಲೇ ಇರುತ್ತವೆ. ಕಲಕಿದ ಆ ನೀರನ್ನು ಅದೇ ಬಾಟಲಿಯಲ್ಲಿ ಹಿಡಿದಿಟ್ಟರೆ, ಕಂದು ಬಣ್ಣದ ನಯವಾದ ಹುಡಿ ಮೆಲ್ಲಗೆ ತಳಕ್ಕೆ ಇಳಿದು ಕೂರುತ್ತದೆ.